ಜರ್ಮನಿಗೆ ಕೊಂಡೊಯ್ದ ಬುತ್ತಿ: ಪ್ಯಾಕೆಟ್ ಊಟ, ಕಪ್ ತಿಂಡಿ ಮತ್ತು ರಥಬೀದಿಯ ಹುಡಿಗಳು

ಕೆಲಸದ ನಿಮಿತ್ತ ಪರದೇಶಕ್ಕೆ ಹೊರಡುವ ಸಸ್ಯಾಹಾರಿಗಳಿಗೆ ಮಂಗಳೂರಿನ ಅಂಗಡಿಗಳಲ್ಲಿ ಈಗ ಮೂರು ಬಗೆಯ ಸಾಮಾನು ಸಿಗುತ್ತದೆ. ಮೊದಲನೆಯದು, ಬಿಸಿ ಮಾಡಿ ಚೀಲ ಹರಿದು ಉಣ್ಣುವ ಸಾಂಬಾರು, ಪಲ್ಯ, ಬಿಸಿಬೇಳೆ ಬಾತುಗಳ ಸಿದ್ಧ ಪ್ಯಾಕೆಟ್. ಎರಡನೆಯದು, ಬಿಸಿನೀರು ಹೊಯ್ದು ಮುಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಉಪ್ಪಿಟ್ಟೋ ಅವಲಕ್ಕಿಯೋ ಆಗುವ ಕಪ್ ತಿಂಡಿ. ಮೂರನೆಯದು ಹೊಸತೇನೂ ಅಲ್ಲ. ರಥಬೀದಿಯ ಆಸುಪಾಸಿನ ಗೃಹೋದ್ಯಮದ ಅಂಗಡಿಗಳಲ್ಲಿ ಮೊದಲಿನಿಂದಲೂ ಸಿಗುತ್ತಿರುವ ಸಾರಿನ ಹುಡಿ, ಚಟ್ನಿ ಹುಡಿ, ತೆಳು ಅವಲಕ್ಕಿ, ಒಣ ಅಕ್ಕಿ ಶ್ಯಾವಿಗೆ, ಪುನರ್ಪುಳಿ ಸಿಪ್ಪೆ ಇತ್ಯಾದಿ. ಯಂತ್ರಗಳ ಅಳವಡಿಕೆ ಮತ್ತು ತಪಾಸಣೆಯ ಕೆಲಸಕ್ಕಾಗಿ ದಕ್ಷಿಣ ಜರ್ಮನಿಗೆ ಹೋಗಿ ವಾರಗಟ್ಟಲೆ ಹೋಟೆಲ್ ಕೋಣೆಯಲ್ಲಿ ಉಳಿಯಬೇಕಾಗುವ ನಾನು ಈ ಮೂರನ್ನೂ ಕೊಂಡೊಯ್ದು ತಿಂದು ನೋಡಿದ್ದೇನೆ. ಪೆಟ್ಟಿಗೆಯಲ್ಲಿ ತಿನಿಸಿಗೆಂದು ಬಿಟ್ಟ ಜಾಗದ ಮುಕ್ಕಾಲು ಪಾಲನ್ನು ಮೂರನೆಯ ಬಗೆಗೇ ಕೊಡಬೇಕು, ಮೊದಲನೆಯದಕ್ಕೆ ಒಂದು ಮೂಲೆ ಸಾಕು, ಎರಡನೆಯದನ್ನು ಅಂಗಡಿಯಲ್ಲೇ ಬಿಟ್ಟು ಬಂದರೆ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸುತ್ತೇನೆ.

ಅಷ್ಟು ಮುಂದುವರಿದ ದೇಶಕ್ಕೆ ಬುತ್ತಿ ಹೊತ್ತೊಯ್ಯುವುದೇಕೆ ಎಂದು ಕೇಳುವವರಿದ್ದಾರೆ. ಬರ್ಲಿನ್ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಉಳಿಯುವವರಿಗೆ ಆ ಪ್ರಶ್ನೆ ಸರಿಯೇ. ಅಲ್ಲಿ ಭಾರತೀಯ ಹೋಟೆಲುಗಳಿವೆ, ಸಸ್ಯಾಹಾರಕ್ಕೇ ಮೀಸಲಾದ ಹೋಟೆಲುಗಳೂ ಇವೆ. ಆದರೆ ಯಂತ್ರ ಕಟ್ಟುವ ಕಾರ್ಖಾನೆಗಳಲ್ಲಿ ಹೆಚ್ಚಿನವು ಸ್ಟುಟ್‌ಗಾರ್ಟ್ ಸುತ್ತಮುತ್ತಲಿನ ಸಣ್ಣ ಊರುಗಳಲ್ಲಿವೆ, ಮತ್ತು ಆ ಸೀಮೆಯ ಅಡುಗೆಯಲ್ಲಿ ಸಸ್ಯಾಹಾರಿಯ ಕಣ್ಣಿಗೆ ಬೀಳದ ಜಾಗಗಳಲ್ಲಿ ಮಾಂಸವಿರುತ್ತದೆ. ನೋಡಲು ನಿರಪಾಯಕಾರಿಯಾದ ಆಲೂಗಡ್ಡೆ ಸಲಾಡನ್ನು ಅಲ್ಲಿ ಮೇಯನೇಸಿನಲ್ಲಿ ಕಲಸುವುದಿಲ್ಲ, ಬಿಸಿಯಾದ ಮಾಂಸದ ಸಾರನ್ನು ಹೊಯ್ದು ಕಲಸುತ್ತಾರೆ. ಬೇಳೆಯಂತೆ ಕಾಣುವ ಮಸೂರದ ಖಾದ್ಯದ ಜೊತೆ ಸಾಸೇಜು ಬರುತ್ತದೆ, ಅದನ್ನು ಬದಿಗೆ ಸರಿಸಿದರೂ ಬೇಳೆಯೊಳಗೆ ಹಂದಿ ಮಾಂಸದ ಚೂರುಗಳು ಬೆಂದಿರುತ್ತವೆ. ತೀರಾ ಸಾಧುವಾಗಿ ಕಾಣುವ ಬ್ರೆಟ್ಸೆಲ್ ಎಂಬ ಗಂಟು ಹಾಕಿದ ಬ್ರೆಡ್ಡಿನ ಹಿಟ್ಟಿಗೂ ಕೆಲವು ಬೇಕರಿಗಳು ಹಂದಿಯ ಕೊಬ್ಬು ಸೇರಿಸುವುದುಂಟು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸಸ್ಯಾಹಾರದ ಒಂದು ಖಾದ್ಯ ಹೆಚ್ಚಿನ ದಿನಗಳಲ್ಲಿ ಇರುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ಅದು ಒಂದೋ ಚೀಸಿನಲ್ಲಿ ಮುಳುಗಿರುತ್ತದೆ ಅಥವಾ ಮೊಟ್ಟೆಯಿಂದ ಮಾಡಿದ್ದಾಗಿರುತ್ತದೆ. ಅಲ್ಲಿಯವರ ಅಚ್ಚುಮೆಚ್ಚಿನ ಕೇಸ್‌ಷ್ಪೆಟ್ಸ್ಲೆ ಎಂಬ ಖಾದ್ಯದಲ್ಲಂತೂ ಎರಡೂ ಇರುತ್ತವೆ. ಮೊಟ್ಟೆ ತಿನ್ನದವರಿಗೆ ಒಂದು ಅನುಕೂಲವಿದೆ. ಐರೋಪ್ಯ ಒಕ್ಕೂಟದ 2011ರ ಕಾಯಿದೆಯೊಂದರ ಪ್ರಕಾರ ಮೊಟ್ಟೆ, ಮೀನು, ಹಾಲು, ಗೋಧಿ ಸೇರಿದಂತೆ ಅಲರ್ಜಿ ತರಬಲ್ಲ 14 ಬಗೆಯ ಪದಾರ್ಥಗಳನ್ನು ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಮುದ್ರಿಸಬೇಕು, ಕ್ಯಾಂಟೀನುಗಳೂ ಆ ವಿವರವನ್ನು ಒದಗಿಸಬೇಕು. ಆದ್ದರಿಂದ ಮೊಟ್ಟೆಯನ್ನು ದಪ್ಪಕ್ಷರದಲ್ಲೇ ಹಿಡಿಯಬಹುದು. ಮೂಳೆ ಚರ್ಮಗಳಿಂದ ತೆಗೆಯುವ ಜೆಲಟಿನ್ ಮತ್ತು ಚೀಸು ಹೆಪ್ಪುಗಟ್ಟಿಸಲು ಬಳಸುವ ಕರುವಿನ ಹೊಟ್ಟೆಯ ರೆನೆಟ್ ಮಾತ್ರ ಆ ಪಟ್ಟಿಯಲ್ಲಿಲ್ಲ. ಅವನ್ನು ಸಣ್ಣಕ್ಷರಗಳ ನಡುವೆ ಹುಡುಕಬೇಕಾಗುತ್ತದೆ. ಹಣ್ಣಿನ ಸ್ವಾದದ ಮೊಸರುಗಳಲ್ಲೂ ಪುಡ್ಡಿಂಗುಗಳಲ್ಲೂ ಜೆಲಟಿನ್ ಇರುವ ಸಂಭವವಿದೆ, ಪಾರ್ಮೆಸಾನಿನಲ್ಲಿ ಕರುವಿನ ರೆನೆಟ್ ಇದ್ದೇ ಇರುತ್ತದೆ. ಇವೆಲ್ಲವನ್ನೂ ದಿನಕ್ಕೆ ಮೂರು ಹೊತ್ತು ವಿಚಾರಿಸುತ್ತ ಕೂರುವುದು ಕೆಲಸಕ್ಕೆ ಹೋದವನಿಂದ ಆಗುವ ಮಾತಲ್ಲ. ಬುತ್ತಿ ಬೇಕಾಗುವುದು ಇದಕ್ಕೇ.

ಸಿದ್ಧ ಪ್ಯಾಕೆಟ್ ಊಟದ ಹಿಂದೆ ನಮ್ಮ ನಾಡಿನದೇ ಕೆಲಸವಿದೆ. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಗಡಿಯಲ್ಲಿರುವ ಸೈನಿಕರಿಗೆ ಕೆಡದ ಊಟ ಕಳುಹಿಸುವ ಸಲುವಾಗಿ ಈ ತಂತ್ರವನ್ನು ನಮ್ಮ ಅಡುಗೆಗೆ ಒಗ್ಗಿಸಿ, ಬಳಿಕ ಖಾಸಗಿ ಕಂಪನಿಗಳಿಗೂ ಕೊಟ್ಟಿತು. ಬೇಯಿಸಿದ ಪದಾರ್ಥವನ್ನು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡುತ್ತಾರೆ. ಕೆಡಿಸುವ ಜೀವಾಣುಗಳು ಆ ಶಾಖದಲ್ಲಿ ಸಾಯುವುದರಿಂದ ಸಂರಕ್ಷಕಗಳನ್ನು ಬೆರೆಸದೆಯೂ, ತಣ್ಣನೆಯ ಪೆಟ್ಟಿಗೆಯಲ್ಲಿಡದೆಯೂ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದಕ್ಕೆ ಪೂರ್ಣ ಅಂಕ ಕೊಡಬಹುದು.

ರುಚಿಯ ಮಾತು ಬೇರೆ. ಆ ಶಾಖವನ್ನು ತಾಳಿಕೊಳ್ಳುವ ಪದಾರ್ಥಗಳು ಚೆನ್ನಾಗಿರುತ್ತವೆ, ತಾಳಿಕೊಳ್ಳದವು ಸೋಲುತ್ತವೆ. ಕಡಲೆ, ರಾಜ್ಮಾ, ತೊವ್ವೆ, ಬಿಸಿಬೇಳೆ ಬಾತುಗಳು ಗೆಲ್ಲುವ ಗುಂಪಿನವು. ಬೆಂಡೆಕಾಯಿ, ಬೀನ್ಸಿನಂತಹ ತರಕಾರಿಗಳು ಚೀಲದೊಳಗೆ ತಮ್ಮ ಆಕಾರವನ್ನೂ ಬಣ್ಣವನ್ನೂ ಕಳೆದುಕೊಂಡಿರುತ್ತವೆ. ಸಾಂಬಾರು ಎಂದು ಮುದ್ರಿಸಿದ ಪ್ಯಾಕೆಟುಗಳಲ್ಲಿ ತೆಂಗಿನಕಾಯಿ ಅರೆದ ನಮ್ಮ ಕರಾವಳಿಯ ಕೊದ್ದೆಲನ್ನು ನಿರೀಕ್ಷಿಸುವಂತಿಲ್ಲ; ಅದು ಎಲ್ಲ ಊರಿನವರಿಗೂ ಆಗಲೆಂದು ಮಾಡಿದ ಸಾಂಬಾರು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಬಗೆಗಳೂ ಸಿಗುತ್ತವೆಯಾದರೂ ಆಯ್ಕೆ ಬಹಳ ಕಡಿಮೆ, ಚಾತುರ್ಮಾಸ್ಯದ ನಿಯಮ ಪಾಲಿಸುವ ಉಡುಪಿ ಕಡೆಯ ಮನೆಗಳವರಿಗೆ ಕೈಗೆ ಬರುವುದು ಒಂದೋ ಎರಡೋ ಬಗೆ ಮಾತ್ರ.

ಆದರೂ ನನ್ನ ಮುಖ್ಯ ತಕರಾರು ರುಚಿಯದ್ದಲ್ಲ, ತೂಕದ್ದು. ಒಂದು ಪ್ಯಾಕೆಟ್ ಸಾಮಾನ್ಯವಾಗಿ 300 ಗ್ರಾಂ ಇರುತ್ತದೆ. ಇಪ್ಪತ್ತು ಪ್ಯಾಕೆಟ್ ತುಂಬಿದರೆ 6 ಕಿಲೋ, ಎಂದರೆ 23 ಕಿಲೋ ಮಿತಿಯ ಪೆಟ್ಟಿಗೆಯ ಕಾಲು ಭಾಗಕ್ಕಿಂತ ಹೆಚ್ಚು. ಅದರಲ್ಲಿ ಬಹುಪಾಲು ನೀರು. ನೀರು ಜರ್ಮನಿಯಲ್ಲೂ ಸಿಗುತ್ತದೆ. ಬಿಸಿ ಮಾಡುವುದೂ ಅಂದುಕೊಂಡಷ್ಟು ಸುಲಭವಲ್ಲ, ಏಕೆಂದರೆ ಅಲ್ಯೂಮಿನಿಯಂ ಇರುವ ಚೀಲವನ್ನು ಮೈಕ್ರೋವೇವಿನಲ್ಲಿ ಇಡುವಂತಿಲ್ಲ, ಮತ್ತು ಹೆಚ್ಚಿನ ಹೋಟೆಲ್ ಕೋಣೆಗಳಲ್ಲಿ ಮೈಕ್ರೋವೇವ್ ಇರುವುದೂ ಇಲ್ಲ. ಎತ್ತರದ ಸ್ಟೀಲ್ ಡಬ್ಬಿಯಲ್ಲಿ ಚೀಲವನ್ನು ನಿಲ್ಲಿಸಿ, ಕುದಿನೀರು ಹೊಯ್ದು, ಮುಚ್ಚಿ, ನೀರನ್ನು ಒಮ್ಮೆ ಬದಲಿಸಿದರೆ ಉಣ್ಣುವಷ್ಟು ಬಿಸಿಯಾಗುತ್ತದೆ. ಚೀಲವನ್ನೇ ಕೆಟಲಿನೊಳಗೆ ತುರುಕುವ ಸಹೋದ್ಯೋಗಿಗಳನ್ನು ಕಂಡಿದ್ದೇನೆ. ಆ ಕೆಟಲ್ ಹೋಟೆಲಿನದ್ದಾದರೆ ಮುಂದೆ ಅದರಲ್ಲಿ ಚಹಾ ಕಾಯಿಸುವವರ ಬಗ್ಗೆಯೂ ಸ್ವಲ್ಪ ಯೋಚಿಸಬೇಕು.

ಕಪ್ ತಿಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೂಕ ಕಡಿಮೆ, ಆದರೆ ಕಪ್ಪುಗಳು ಜಾಗ ತಿನ್ನುತ್ತವೆ, ಪೆಟ್ಟಿಗೆಯೊಳಗೆ ನುಜ್ಜುಗುಜ್ಜಾಗುತ್ತವೆ. ಉಪ್ಪಿಟ್ಟು ಮೇಲೆ ಗಂಜಿಯಂತೆಯೂ ತಳದಲ್ಲಿ ಒಣಗಿಯೂ ಇರುತ್ತದೆ, ಉಪ್ಪು ಎಲ್ಲದರಲ್ಲೂ ಒಂದು ಹಿಡಿ ಮೇಲೆ. ಒಬ್ಬ ದುಡಿಯುವ ಮನುಷ್ಯನ ಹೊಟ್ಟೆಗೆ ಒಂದು ಕಪ್ ಎಲ್ಲಿಗೂ ಸಾಲುವುದಿಲ್ಲ, ಮತ್ತು ಒಂದು ಕಪ್ಪಿನ ಬೆಲೆಗೆ ಇಲ್ಲಿ ಅರ್ಧ ಕಿಲೋ ಅವಲಕ್ಕಿ ಬರುತ್ತದೆ.

ಆ ಅವಲಕ್ಕಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಸಂಜೆಯ ಚಹಾಕ್ಕೆ ಸಜ್ಜಿಗೆಯ ಜೊತೆ ಬಡಿಸುವ ಬಜಿಲ್ ಎಂದರೆ ತೆಳು ಅವಲಕ್ಕಿಗೆ ಕಾಯಿತುರಿ, ಬೆಲ್ಲ, ಹುರಿದ ಕೊತ್ತಂಬರಿ, ಜೀರಿಗೆ, ಒಣಮೆಣಸಿನ ಹುಡಿ ಸೇರಿಸಿ ಕೈಯಲ್ಲಿ ಕಲಸಿದ್ದು. ಅದಕ್ಕೆ ಒಲೆಯೇ ಬೇಡ ಎಂಬುದು ಪರದೇಶದಲ್ಲಿ ಬಹಳ ದೊಡ್ಡ ಗುಣ. ಹೋಟೆಲ್ ಕೋಣೆಗಳಲ್ಲಿ ಅಡುಗೆ ಮಾಡಕೂಡದೆಂಬ ನಿಯಮವಿರುತ್ತದೆ, ಕೋಣೆಯ ಒಳಚಾವಣಿಯಲ್ಲಿ ಹೊಗೆ ಪತ್ತೆ ಮಾಡುವ ಯಂತ್ರವಿರುತ್ತದೆ. ಸಾಸಿವೆ ಸಿಡಿಸುವ ಆಸೆಯನ್ನು ಬಜಪೆಯಲ್ಲೇ ಬಿಟ್ಟು ವಿಮಾನ ಹತ್ತಬೇಕು. ನಾನು ಕೊಳ್ಳುವ ಅಂಗಡಿಯವರು ಕೇಳಿದವರಿಗೆ ಒಗ್ಗರಣೆ ಹಾಕಿದ ಅವಲಕ್ಕಿ ಹುಡಿಯನ್ನೇ ಪ್ರತ್ಯೇಕ ಮಾಡಿಕೊಡುತ್ತಾರೆ: ತೆಂಗಿನೆಣ್ಣೆಯಲ್ಲಿ ಹುರಿದ ಮಸಾಲೆ, ಇಂಗು, ಕರಿಬೇವು, ಉಪ್ಪು, ಬೆಲ್ಲ ಎಲ್ಲವೂ ಅದರಲ್ಲಿರುತ್ತದೆ. ಎರಡು ಚಮಚ ಬಿಸಿನೀರಿನಲ್ಲಿ ಆ ಹುಡಿಯನ್ನು ಮೊದಲು ಕದಡಿ, ನಂತರ ಅವಲಕ್ಕಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಬೆರಳ ತುದಿಯಿಂದ ಮೇಲೆ ಕೆಳಗೆ ಮಾಡಬೇಕು. ನೀರನ್ನು ನೇರ ಅವಲಕ್ಕಿಗೆ ಚಿಮುಕಿಸಿದರೆ ಅದು ಅಲ್ಲಲ್ಲಿ ಮುದ್ದೆಯಾಗುತ್ತದೆ. ಹುಡಿಯ ಮೂಲಕ ಹೋದ ನೀರು ಒಂದೊಂದು ಎಸಳಿಗೂ ಹರಡಿಕೊಂಡು ಅವಲಕ್ಕಿ ಮೆತ್ತಗಾದರೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ಕಾಯಿತುರಿಯ ಕೊರತೆಯೂ ನೀಗಬಲ್ಲದು. ಒಣಗಿಸಿದ ತೆಂಗಿನ ತುರಿ ಜರ್ಮನಿಯ ಸಾಮಾನ್ಯ ಅಂಗಡಿಗಳಲ್ಲಿ ಕೇಕು ಬಿಸ್ಕತ್ತುಗಳ ಸಾಮಗ್ರಿಯ ಸಾಲಿನಲ್ಲಿರುತ್ತದೆ. ಅದನ್ನು ಒಂದಿಷ್ಟು ಬಿಸಿನೀರಿನಲ್ಲಿ ನೆನೆಸಿ ಹಿಂಡಿ ಸೇರಿಸಿದರೆ ಸಾಕು.

ಸಾರಿನ ಹುಡಿಗೆ ಎರಡನೆಯ ಸ್ಥಾನ. ಉಡುಪಿ ಮಾದರಿಯ ಸಾರಿನ ಹುಡಿಯಲ್ಲಿ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ ಎಲ್ಲವನ್ನೂ ಮೊದಲೇ ಎಣ್ಣೆಯಲ್ಲಿ ಹುರಿದಿರುವುದರಿಂದ, ಕುದಿಸದೆ ಬರೀ ಕುದಿನೀರು ಹೊಯ್ದರೂ ಹಸಿವಾಸನೆ ಬರುವುದಿಲ್ಲ. ಸ್ಟೀಲ್ ಲೋಟದಲ್ಲಿ ಒಂದು ಚಮಚ ಹುಡಿ, ಚೂರು ಬೆಲ್ಲ, ಉಪ್ಪು, ಹುಳಿಯ ಬಾಬ್ತು ಎರಡು ಪುನರ್ಪುಳಿ ಸಿಪ್ಪೆ ಹಾಕಿ ನೀರು ಹೊಯ್ದು ಐದು ನಿಮಿಷ ಮುಚ್ಚಿಟ್ಟರೆ, ಬೇಳೆಯಿಲ್ಲದಿದ್ದರೂ ಅನ್ನಕ್ಕೆ ಕಲಸಬಹುದಾದ ಸಾರು ಸಿದ್ಧ. ಹುಣಸೆಹಣ್ಣಿಗಿಂತ ಪುನರ್ಪುಳಿಯೇ ಇಲ್ಲಿ ಲೇಸು: ಕಿವುಚಬೇಕಿಲ್ಲ, ನಾರಿಲ್ಲ, ಸಿಪ್ಪೆ ಒಣಗಿದ್ದರೆ ವರ್ಷವಾದರೂ ಕೆಡುವುದಿಲ್ಲ. ಇದನ್ನು ಫ್ಲಾಸ್ಕಿನಲ್ಲಿ ತುಂಬಿ ಕಾರ್ಖಾನೆಗೇ ಒಯ್ಯುತ್ತೇನೆ. ಕ್ಯಾಂಟೀನಿನಲ್ಲಿ ಬರೀ ಅನ್ನ ಸಿಕ್ಕಿದ ದಿನ ಮಧ್ಯಾಹ್ನದ ಊಟಕ್ಕೂ ಕೊರತೆಯಿರುವುದಿಲ್ಲ.

ಅನ್ನವನ್ನು ಇಲ್ಲಿಂದ ಹೊರುವ ಅಗತ್ಯವಿಲ್ಲ. ಬೆಂದ ಅನ್ನವನ್ನು ಎರಡು ನಿಮಿಷದಲ್ಲಿ ಬಿಸಿ ಮಾಡಿ ಉಣ್ಣುವ ಸಣ್ಣ ಚೀಲಗಳು ಅಲ್ಲಿಯ ಎಲ್ಲ ಸೂಪರ್ ಮಾರ್ಕೆಟುಗಳಲ್ಲೂ ಸಿಗುತ್ತವೆ. ಬಾಸ್ಮತಿಯಾದ್ದರಿಂದ ಕುಚ್ಚಲಕ್ಕಿಗೆ ಒಗ್ಗಿದ ನಾಲಿಗೆಗೆ ಸಪ್ಪೆಯೆನಿಸಬಹುದು, ಅಷ್ಟೆ. ಏನೂ ಬೆರೆಸದ ಸಾದಾ ಮೊಸರು ಬಹಳ ಚೆನ್ನಾಗಿರುತ್ತದೆ, ಮೊಸರನ್ನ ಮತ್ತು ಮಿಡಿ ಉಪ್ಪಿನಕಾಯಿ ಇದ್ದರೆ ರಾತ್ರಿಯ ಊಟ ಮುಗಿಯಿತು. ಒಣ ಅಕ್ಕಿ ಶ್ಯಾವಿಗೆಯನ್ನು ಮಾತ್ರ ಒಯ್ಯಿರಿ. ಕುದಿನೀರಿನಲ್ಲಿ ಕೆಲವೇ ನಿಮಿಷ ಮುಳುಗಿಸಿ ನೀರು ಬಸಿದರೆ ಅದು ಊರಿನ ಒತ್ತು ಶ್ಯಾವಿಗೆಗೆ ಸಮವಲ್ಲದಿದ್ದರೂ ಚಟ್ನಿ ಹುಡಿಯ ಜೊತೆ ಬೆಳಗ್ಗಿನ ತಿಂಡಿಗೆ ಧಾರಾಳವಾಗಿ ಸಾಕು. ಇನ್ನೊಂದು ಸಂಗತಿ: ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ರೈಲು ನಿಲ್ದಾಣ ಮತ್ತು ಪೆಟ್ರೋಲ್ ಬಂಕುಗಳ ಅಂಗಡಿಗಳನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಶನಿವಾರ ಬೆಳಗ್ಗೆ ಬಂದಿಳಿದವರು ವಿಶ್ರಾಂತಿಗೆ ಮೊದಲು ಮೊಸರು, ಅನ್ನ, ಹಣ್ಣು ಕೊಂಡಿಟ್ಟುಕೊಳ್ಳಬೇಕು.

ಅಂಗಡಿಯವರ ಬಗ್ಗೆ ಒಳ್ಳೆಯದನ್ನು ಹೇಳಿದಂತೆ ಕುಂದನ್ನೂ ಹೇಳಬೇಕು. ಹುಡಿಗಳು ತಾಜಾ ಇರುತ್ತವೆ, ಹುರಿದ ಹದ ಪ್ರತಿ ಸಲವೂ ಒಂದೇ ಬಗೆ, ಬೆಲೆ ನ್ಯಾಯವಾದದ್ದು, ಕೌಂಟರಿನ ಹಿಂದಿರುವವರು ಎಷ್ಟು ದಿನದ ಪ್ರವಾಸ, ಎಷ್ಟು ಜನ ಎಂದು ಕೇಳಿ ಪ್ರಮಾಣವನ್ನು ತಾವೇ ಲೆಕ್ಕ ಹಾಕಿಕೊಡುತ್ತಾರೆ, ಹೆಚ್ಚು ಮಾರುವ ಆತುರ ಕಾಣುವುದಿಲ್ಲ. ಆದರೆ ಪ್ಯಾಕಿಂಗ್ ಇನ್ನೂ ಊರೊಳಗಿನ ಗಿರಾಕಿಗಳ ಮಟ್ಟದಲ್ಲೇ ಇದೆ. ತೆಳು ಪ್ಲಾಸ್ಟಿಕ್ ಚೀಲಕ್ಕೆ ಶಾಖದಿಂದ ಅಂಟಿಸಿದ ಒಂದೇ ಗೆರೆ, ಅದರ ಮೇಲೆ ಹೆಸರು ಮಾತ್ರ ಕಾಣುವ ಚೀಟಿ. ಪೆಟ್ಟಿಗೆಯಲ್ಲಿ ಚೀಲ ಬಿರಿದರೆ ಮುಂದಿನ ಸಭೆಗೆ ಧರಿಸುವ ಅಂಗಿಯೆಲ್ಲ ಇಂಗಿನ ಪರಿಮಳದಿಂದ ಕೂಡಿರುತ್ತದೆ. ಪದಾರ್ಥಗಳ ಪಟ್ಟಿ ಮತ್ತು ತಯಾರಾದ ದಿನಾಂಕ ಇಂಗ್ಲಿಷಿನಲ್ಲೂ ಮುದ್ರಿತವಾಗಿದ್ದರೆ, ಕಂದು ಬಣ್ಣದ ಹುಡಿಯ ಚೀಲವನ್ನು ಎತ್ತಿ ಹಿಡಿದು ಇದೇನೆಂದು ಕೇಳುವ ಅಧಿಕಾರಿಯ ಮುಂದೆ ಪ್ರಯಾಣಿಕ ಸಾರಿನ ಬಗ್ಗೆ ಉಪನ್ಯಾಸ ಕೊಡಬೇಕಾಗುವುದಿಲ್ಲ. ಈಗಿನ ಮಟ್ಟಿಗೆ ದಪ್ಪ ಜಿಪ್ ಚೀಲಗಳನ್ನು ಬೇರೆ ಕೊಂಡು, ಮೇಲೆ ಸ್ವತಃ ಚೀಟಿ ಅಂಟಿಸಿಕೊಳ್ಳುವುದೇ ದಾರಿ. ತೆಂಗಿನೆಣ್ಣೆಯಲ್ಲಿ ಹುರಿದ ಹುಡಿ ತಿಂಗಳುಗಳು ಕಳೆದಂತೆ ಕಮಟು ವಾಸನೆ ಹಿಡಿಯುವುದರಿಂದ ಹೊರಡುವ ವಾರದಲ್ಲೇ ಕೊಳ್ಳುವುದು ಉತ್ತಮ.

ಏನನ್ನು ಒಯ್ಯಬಾರದು ಎಂಬುದೂ ಮುಖ್ಯ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ತರುವಂತಿಲ್ಲ. ಆದ್ದರಿಂದ ತುಪ್ಪ, ಪೇಡೆ, ಪನೀರಿನ ಸಿದ್ಧ ಪ್ಯಾಕೆಟ್ ಇವೆಲ್ಲ ಮನೆಯಲ್ಲೇ ಇರಲಿ. ಹಸಿ ತರಕಾರಿ, ಸೊಪ್ಪು, ಹಣ್ಣುಗಳಿಗೆ 2019ರ ಡಿಸೆಂಬರಿನಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸು, ಬಾಳೆಹಣ್ಣು, ಖರ್ಜೂರ, ದುರಿಯಾನ್ ಮತ್ತು ತೆಂಗಿನಕಾಯಿಗೆ ಮಾತ್ರ ವಿನಾಯಿತಿ. ತೆಂಗಿನಕಾಯಿಗೆ ವಿನಾಯಿತಿ ಕೊಟ್ಟವರು ಕರಾವಳಿಯವರ ಮೇಲೆ ಪ್ರೀತಿಯಿಂದ ಕೊಟ್ಟರೆಂದು ನಾನೇನೂ ಭಾವಿಸುವುದಿಲ್ಲ, ಆದರೂ ಓದಿ ಸಂತೋಷವಾಯಿತು. ಒಣ ಕೊಬ್ಬರಿಯ ವಿಷಯ ಬೇರೆ. ಎಣ್ಣೆಯಂಶದಿಂದ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ವಿಮಾನಯಾನದ ನಿಯಮಗಳು ಅದನ್ನು ಅಪಾಯಕಾರಿ ಸಾಮಾನುಗಳ ಪಟ್ಟಿಗೆ ಸೇರಿಸಿವೆ, ಗಿಟುಕು ಪೆಟ್ಟಿಗೆಯಲ್ಲಿ ಇರಬಾರದು. ದುಬೈ ಮೂಲಕ ಹೋಗುವ ಮಂಗಳೂರಿಗರು ಗಸಗಸೆಯನ್ನು ಒಂದು ಚಿಟಿಕೆಯೂ ಒಯ್ಯಬಾರದು, ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅದು ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ. ಮಸಾಲೆ ಹುಡಿಯಲ್ಲಿ ಗಸಗಸೆ ಇದೆಯೇ ಎಂದು ಅಂಗಡಿಯವರನ್ನು ಕೇಳಿಯೇ ಕೊಳ್ಳಿ. ಉಪ್ಪಿನಕಾಯಿ, ಸಿದ್ಧ ಸಾಂಬಾರು ಮುಂತಾದ ದ್ರವಾಂಶವಿರುವ ಪದಾರ್ಥಗಳಿಗೆ ಕೈಚೀಲದಲ್ಲಿ 100 ಮಿಲಿಲೀಟರಿನ ಮಿತಿ ಅನ್ವಯಿಸುತ್ತದೆ, ಅವೆಲ್ಲ ದೊಡ್ಡ ಪೆಟ್ಟಿಗೆಗೇ ಹೋಗಬೇಕು.

ವಿಮಾನದೊಳಗಿನ ಊಟವನ್ನು ಕಂಪನಿಯ ಪ್ರಯಾಣ ವಿಭಾಗದ ಪಾಲಿಗೆ ಬಿಡಬೇಡಿ. ವಿಶೇಷ ಊಟಗಳಿಗೆ ಸಂಕೇತಗಳಿವೆ, ಸಾಮಾನ್ಯವಾಗಿ ಹೊರಡುವ 24 ಗಂಟೆಗಳ ಮೊದಲೇ ತಿಳಿಸಬೇಕು. ನಮಗೆ ಬೇಕಾದದ್ದು ಎವಿಎಂಎಲ್, ಭಾರತೀಯ ಶೈಲಿಯ ಸಸ್ಯಾಹಾರ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ವಿಜೆಎಂಎಲ್ ಎಂಬ ಜೈನ ಊಟ ಹೊಂದುತ್ತದೆ. ವಿಎಲ್‌ಎಂಎಲ್ ಎಂದರೆ ಅದರಲ್ಲಿ ಮೊಟ್ಟೆ ಇರಬಹುದು. ಎಚ್‌ಎನ್‌ಎಂಎಲ್ ಎಂಬ ಹಿಂದೂ ಊಟವಂತೂ ಮಾಂಸಾಹಾರ. ಹೆಸರು ನೋಡಿ ಭಕ್ತಿಯಿಂದ ಅದನ್ನೇ ಗುರುತು ಹಾಕುವ ಪ್ರಯಾಣ ವಿಭಾಗಗಳಿವೆ. ಎರಡು ಸಂಸ್ಥೆಗಳ ವಿಮಾನ ಬದಲಿಸುವ ಪ್ರಯಾಣವಾದರೆ ಎರಡೂ ಕಡೆ ಪ್ರತ್ಯೇಕವಾಗಿ ಖಚಿತಪಡಿಸಿಕೊಳ್ಳಿ.

ಕೊನೆಗೆ ಕೆಟಲಿನ ವಿಚಾರ, ಏಕೆಂದರೆ ಮೇಲೆ ಹೇಳಿದ ಅಡುಗೆಯೆಲ್ಲ ನಿಂತಿರುವುದು ಅದರ ಮೇಲೆ. ಜರ್ಮನಿಯಲ್ಲಿ ಹಲವು ಹೋಟೆಲ್ ಕೋಣೆಗಳಲ್ಲಿ ಕೆಟಲ್ ಇರುವುದಿಲ್ಲ. ಒಳಗೆ ಪೂರ್ತಿ ಸ್ಟೀಲ್ ಇರುವ, ನೀರು ಕುದಿದೊಡನೆ ತಾನೇ ನಿಲ್ಲುವ ಅರ್ಧ ಲೀಟರಿನ ಪ್ರವಾಸಿ ಕೆಟಲ್ ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲೂ ಸಿಗುತ್ತದೆ. ಹೊರಡುವ ಮೊದಲು ಹೋಟೆಲಿಗೆ ಬರೆದು, ಕೋಣೆಯಲ್ಲಿ ಕೆಟಲ್ ಬಳಸಲು ಅನುಮತಿಯಿದೆಯೇ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಅಲ್ಲಿಯ ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್, ಪ್ಲಗ್ಗಿನ ಅಡಾಪ್ಟರ್ ಒಂದಿದ್ದರೆ ಸಾಕು. ಜಪಾನಿನ ಕಥೆ ಬೇರೆ. ಅಲ್ಲಿಯ ವಿದ್ಯುತ್ತು 100 ವೋಲ್ಟ್, ಮತ್ತು ಶಾಖದ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಇಲ್ಲಿಯ 1000 ವ್ಯಾಟಿನ ಕೆಟಲ್ ಅಲ್ಲಿ ಸುಮಾರು 190 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ನೀರು ಕುದಿಯುವ ಹೊತ್ತಿಗೆ ಹಸಿವು ಸತ್ತಿರುತ್ತದೆ. ಅದೃಷ್ಟಕ್ಕೆ ಅಲ್ಲಿಯ ಹೋಟೆಲ್ ಕೋಣೆಗಳಲ್ಲಿ ಕೆಟಲ್ ಇಟ್ಟಿರುವುದೇ ಹೆಚ್ಚು, ಒಯ್ಯಬೇಕಿಲ್ಲ. ಆದರೆ ಸಾರಿನ ಹುಡಿಯನ್ನು ಜರ್ಮನಿಗೆ ಒಯ್ಯುವುದಕ್ಕಿಂತ ಹೆಚ್ಚೇ ತುಂಬಿಕೊಳ್ಳಿ: ಅಲ್ಲಿ ತರಕಾರಿ ಬೇಯಿಸುವ ನೀರಿಗೂ, ನೂಡಲ್ಸಿನ ಸಾರಿಗೂ ಒಣಗಿಸಿದ ಬೋನಿಟೊ ಮೀನಿನ ರಸ ಸೇರಿರುವುದು ಸಾಮಾನ್ಯ, ಬೌದ್ಧ ದೇವಾಲಯಗಳ ಶೋಜಿನ್ ರ್‍ಯೋರಿ ಊಟ ಕಾರ್ಖಾನೆಯ ಪಕ್ಕದಲ್ಲಿ ಸಿಗುವಂಥದ್ದಲ್ಲ.